ನೀವೇ ಮಾಡಿ ನೋಡಿ: ಮನೆಯಲ್ಲಿ ಕಟ್ಟಿದ ಕಾರಿಗೆ ದೀಪ



ಹೋದ ಸಂಚಿಕೆಯಲ್ಲಿ ಮಿಕ್ಸರಿನ ಕಾರ್ಬನ್ ಬ್ರಷ್ ಬದಲಾಯಿಸುವುದು ಹೇಗೆಂದು ಬರೆದಿದ್ದೆ. ನಿಮ್ಮಲ್ಲಿ ಮೂವರು ಅಮ್ಮನ ಮಿಕ್ಸರನ್ನು ಬಿಚ್ಚಿದಿರಿ, ಇಬ್ಬರು ಅದನ್ನು ಮತ್ತೆ ಜೋಡಿಸಿದಿರಿ ಎಂದು ಸಂಘದ ಊಟದ ಪಂಕ್ತಿಯಲ್ಲಿ ತಿಳಿಯಿತು. ಆ ಮೂರನೆಯವರ ತಾಯಿಯವರಲ್ಲಿ ಕ್ಷಮೆ ಕೇಳಿ ಈ ಸಲದ ವಿಷಯಕ್ಕೆ ಬರುತ್ತೇನೆ.

ಈ ಸಲದ್ದು ಮಿಕ್ಸರಿಗಿಂತ ದೊಡ್ಡದು. ಶಂಶಾಬಾದಿನ ನಮ್ಮ ಓಣಿಯಲ್ಲಿ ಒಬ್ಬ ಹುಡುಗ ಕಾರು ಕಟ್ಟುತ್ತಿದ್ದಾನೆ. ಎಂಜಿನಿಯರಿಂಗ್ ಮೂರನೆಯ ವರ್ಷ. ತಂದೆ ಕಲಬುರಗಿ ಕಡೆಯವರು, ಹುಡುಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನನ್ನನ್ನು ಮಾಮಾ ಎಂದು ಕರೆಯುತ್ತಾನೆ. ಗುಜರಿಯಲ್ಲಿ ಕೊಂಡ ಮಾರುತಿ 800ರ ಎಂಜಿನ್, ಕಬ್ಬಿಣದ ಪೈಪುಗಳನ್ನು ಬೆಸೆದು ಮಾಡಿದ ಚಾಸಿಸ್, ಎರಡು ಸೀಟು, ಮುಂದೆ ತಗಡಿನ ಮೂತಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಇಬ್ಬರು ಗೆಳೆಯರೊಡನೆ ಒಂದು ವರ್ಷದಿಂದ ಇದೇ ಕೆಲಸ. ಎಂಜಿನ್ ಶುರುವಾದ ದಿನ ಇಡೀ ಓಣಿಗೆ ಪೇಡೆ ಹಂಚಿದ್ದ.

ಆಮೇಲೆ ಅವನು ದೀಪ ಹಾಕಲು ಹೊರಟ. "ಅದೇನ್ ಮಾಮಾ, ಎರಡು ಬಲ್ಬು, ಒಂದು ಸ್ವಿಚ್ಚು. ಒಂದು ತಾಸಿನ ಕೆಲಸ" ಎಂದ. ಆ ಒಂದು ತಾಸಿನ ಕೆಲಸದಲ್ಲಿ ಕಾರು ಸುಟ್ಟುಹೋಗುವುದರಲ್ಲಿತ್ತು. ಅದಕ್ಕೇ ಈ ಅಂಕಣ.

ಒಂದು ಸಂಜೆ ಏಳು ಗಂಟೆಗೆ ಶೆಡ್ಡಿನಿಂದ ಕೂಗು ಕೇಳಿತು. "ಮಾಮಾ, ಹೊಗಿ ಬರ್ಲಿಕತ್ತದ!" ನಾನು ಓಡಿಹೋಗಿ ನೋಡಿದಾಗ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಕಪ್ಪು ಹೊಗೆ, ಪ್ಲಾಸ್ಟಿಕ್ ಸುಟ್ಟ ವಾಸನೆ. ಹುಡುಗ ಒಂದು ಕೈಯಿಂದ ತಂತಿ ಕೀಳಲು ನೋಡುತ್ತಿದ್ದ, ಇನ್ನೊಬ್ಬ ಬ್ಯಾಟರಿಯ ನಟ್ಟು ಬಿಚ್ಚಲು ಹತ್ತನೇ ನಂಬರಿನ ಸ್ಪ್ಯಾನರ್ ಹುಡುಕುತ್ತಿದ್ದ. ಅದು ಸಿಕ್ಕುವ ಹೊತ್ತಿಗೆ ಒಂದು ನಿಮಿಷವಾದರೂ ಆಗಿರಬೇಕು. ಪೆಟ್ರೋಲ್ ಪೈಪು ಅಲ್ಲಿಂದ ಒಂದು ಗೇಣು ದೂರ. ಹುಡುಗನ ಅಂಗೈಯಲ್ಲಿ ತಂತಿಯ ಅಗಲಕ್ಕೆ ಗುಳ್ಳೆ ಎದ್ದಿತು. ಅವನ ಅಪ್ಪ ಬಂದು ನೋಡಿ, "ನಾಳೆನೇ ಇದನ್ನ ಗುಜರಿಗೆ ಹಾಕ್ರಿ" ಎಂದು ಹೇಳಿ ಒಳಗೆ ಹೋದರು. ಆ ರಾತ್ರಿ ಹುಡುಗ ಊಟ ಮಾಡಲಿಲ್ಲ.

ಈಗ ನೀವು ಹೇಳಿ. ಆ ಅಪ್ಪನದು ತಪ್ಪೇ? ನನಗೆ ಹಾಗೆ ಅನಿಸಲಿಲ್ಲ. ಆದರೆ ಗುಜರಿಗೆ ಹಾಕಿದರೆ ಹುಡುಗ ಕಲಿಯುವುದು ಒಂದೇ ಪಾಠ, "ನನ್ನಿಂದ ಆಗುವುದಿಲ್ಲ" ಎಂಬುದು. ಎರಡು ಭಾನುವಾರ ಕೊಡಿ ಎಂದು ಅವರನ್ನು ಕೇಳಿಕೊಂಡೆ. ಒಪ್ಪಿದರು, ಮುಖ ಗಂಟುಹಾಕಿಕೊಂಡೇ.

ಕಾರು ಕಟ್ಟುವುದೆಂದರೆ ಹುಚ್ಚುತನ ಎನ್ನುವವರಿಗೆ ಎರಡು ಮಾತು. ಶಂಶಾಬಾದಿನಿಂದ ಆರಾಂಘರ್ ದಾಟಿ ಹಳೆಯ ಊರಿನ ಕಡೆ ಹೋದರೆ, ಮೃಗಾಲಯದ ಹತ್ತಿರ ಬಹದ್ದೂರ್‌ಪುರದಲ್ಲಿ ಸುಧಾ ಕಾರ್ ಮ್ಯೂಸಿಯಂ ಇದೆ. ಕೆ. ಸುಧಾಕರ್ ಅವರು ಬೂಟು, ಕ್ರಿಕೆಟ್ ಚೆಂಡು ಇತ್ಯಾದಿ ಆಕಾರಗಳಲ್ಲಿ ತಾವೇ ಕಟ್ಟಿದ ಕಾರುಗಳು ಅಲ್ಲಿವೆ. ಅವು ಬರೀ ಬೊಂಬೆಗಳಲ್ಲ, ಓಡುವ ಗಾಡಿಗಳು. 2005ರಲ್ಲಿ ಅವರು ಕಟ್ಟಿದ ಬೃಹತ್ ಮೂರುಚಕ್ರದ ಸೈಕಲ್ ಗಿನ್ನೆಸ್ ದಾಖಲೆ ಸೇರಿತು. ಇನ್ನು ನಮ್ಮ ಬೆಂಗಳೂರಿನ ಚೇತನ್ ಮೈನಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ಸೌರಶಕ್ತಿಯ ಕಾರು ಕಟ್ಟಿದ ವಿದ್ಯಾರ್ಥಿಗಳ ತಂಡದಲ್ಲಿದ್ದರು. 'ಸನ್‌ರನ್ನರ್' ಎಂಬ ಆ ಕಾರು 1990ರಲ್ಲಿ ಅಮೆರಿಕದ ಸೌರ ಕಾರು ಪಂದ್ಯವನ್ನು ಗೆದ್ದಿತು. ಆಮೇಲೆ ಅವರು ಬೆಂಗಳೂರಿನಲ್ಲಿ ರೇವಾ ವಿದ್ಯುತ್ ಕಾರು ಮಾಡಿ 2001ರಲ್ಲಿ ರಸ್ತೆಗೆ ಬಿಟ್ಟರು. ಇಬ್ಬರ ದಾರಿಯೂ ಬೇರೆ, ಆದರೆ ಇಬ್ಬರೂ ಶುರುಮಾಡಿದ್ದು ಕೈಗೆ ಗ್ರೀಸ್ ಹಚ್ಚಿಕೊಂಡು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಸರಿ, ಮೊದಲ ಭಾನುವಾರ. ನಾನು ಮನೆಯ ಕರೆಂಟಿನ ಕೆಲಸ ಬಲ್ಲವನು, ಗಾಡಿಯ ಕೆಲಸದಲ್ಲಿ ಅಷ್ಟಕ್ಕಷ್ಟೆ. ಹಾಗಾಗಿ ಹೆದ್ದಾರಿಯ ಪಕ್ಕದಲ್ಲಿ ನಲವತ್ತು ವರ್ಷ ಲಾರಿಗಳ ವೈರಿಂಗ್ ಮಾಡಿ ಈಗ ಮನೆಯಲ್ಲಿರುವ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಅವರನ್ನು ಕರೆದುಕೊಂಡು ಬಂದೆ. ಹುಡುಗರು ಅವರನ್ನು ಚಾಚಾ ಎನ್ನುತ್ತಾರೆ. ಚಾಚಾ ಕನ್ನಡಕ ಏರಿಸಿ, ಸುಟ್ಟ ತಂತಿಯನ್ನು ಮೂಸಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಫ್ಯೂಸ್ ಕಿಧರ್ ಹೈ ಮಿಯಾಂ?" ಫ್ಯೂಸ್ ಎಲ್ಲಿ? ಹುಡುಗ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಫ್ಯೂಸ್ ಇರಲೇ ಇಲ್ಲ.

ಹುಡುಗ ಮಾಡಿದ್ದು ಇಷ್ಟು. ಬ್ಯಾಟರಿಯ ಪ್ಲಸ್‌ನಿಂದ ಒಂದು ತೆಳುವಾದ ತಂತಿ ಡ್ಯಾಶ್‌ಬೋರ್ಡಿಗೆ ತಂದ. ಅಲ್ಲಿ ಮನೆಯ ಗೋಡೆಗೆ ಹಾಕುವ 6 ಆಂಪಿಯರ್ ಸ್ವಿಚ್ಚು. ಅಲ್ಲಿಂದ ಅದೇ ತಂತಿ ಮತ್ತೆ ಮುಂದಕ್ಕೆ, ಎರಡು ಬಲ್ಬಿಗೆ. ಮೈನಸ್ಸಿಗೆ ಚಾಸಿಸ್ಸೇ ಸಾಕೆಂದು ಪೇಂಟಿನ ಮೇಲೇ ಒಂದು ಸ್ಕ್ರೂ. ದೀಪ ಹತ್ತಿತು, ಆದರೆ ಮಂಕಾಗಿ. ಸ್ವಿಚ್ಚು ಬಿಸಿಯಾಯಿತು. ಕೊನೆಗೆ ಹೊಗೆ. ಮೂರು ತೊಂದರೆಗೂ ಬೇರೆ ಬೇರೆ ಕಾರಣ. ಒಂದೊಂದಾಗಿ ನೋಡೋಣ.

ಮೊದಲನೆಯದು, ಮಂಕು ಬೆಳಕು. ಸಾಮಾನ್ಯ ಎಚ್4 ಹ್ಯಾಲೋಜೆನ್ ಬಲ್ಬಿನಲ್ಲಿ ಎರಡು ಫಿಲಮೆಂಟು, ದೂರದ ಬೆಳಕಿಗೆ 60 ವ್ಯಾಟ್, ಹತ್ತಿರದ ಬೆಳಕಿಗೆ 55 ವ್ಯಾಟ್. ಎರಡು ದೀಪದ ದೂರದ ಬೆಳಕು ಸೇರಿ 120 ವ್ಯಾಟ್. ಬ್ಯಾಟರಿ 12 ವೋಲ್ಟ್. ಭಾಗಿಸಿದರೆ 10 ಆಂಪಿಯರ್. ಅದೇ 120 ವ್ಯಾಟ್ ಮನೆಯ ಕರೆಂಟಿನಲ್ಲಾದರೆ ಅರ್ಧ ಆಂಪಿಯರಿನ ಆಸುಪಾಸು. ವೋಲ್ಟೇಜು ಕಡಿಮೆಯಾದಷ್ಟೂ ಕರೆಂಟು ಹೆಚ್ಚು. ಮನೆಯ ಲೆಕ್ಕ ಗಾಡಿಗೆ ಹೊಂದದಿರುವುದು ಇಲ್ಲಿ.

ಹುಡುಗ ಹಾಕಿದ್ದು 0.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಅದರ ರೆಸಿಸ್ಟೆನ್ಸು ಒಂದು ಮೀಟರಿಗೆ ಸುಮಾರು 0.037 ಓಮ್. ಬ್ಯಾಟರಿಯಿಂದ ಸ್ವಿಚ್ಚಿಗೆ, ಅಲ್ಲಿಂದ ದೀಪಕ್ಕೆ ಒಟ್ಟು 5 ಮೀಟರ್, ಅಂದರೆ 0.185 ಓಮ್. 10 ಆಂಪಿಯರಿನಿಂದ ಗುಣಿಸಿ. ಸುಮಾರು 1.85 ವೋಲ್ಟ್ ದಾರಿಯಲ್ಲೇ ಸೋರಿಹೋಯಿತು. ಬಲ್ಬಿಗೆ ಉಳಿದದ್ದು 10 ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಫಿಲಮೆಂಟಿನ ಬಲ್ಬಿನಲ್ಲಿ ವೋಲ್ಟೇಜು ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ ಸುಮಾರು 30ರಷ್ಟು ಇಳಿಯುತ್ತದೆ. 15ರಷ್ಟು ಇಳಿದರೆ 40ಕ್ಕೂ ಹೆಚ್ಚು. ಹುಡುಗನ ದೀಪ ಅರ್ಧಕ್ಕೆ ಬಂದದ್ದು ಹೀಗೆ. ಬೆಳಕು ಸಾಲದೆಂದು ಅವನು 100 ವ್ಯಾಟಿನ ಬಲ್ಬು ತರಲು ಹೊರಟಿದ್ದ! ಅದು ಇನ್ನೂ ಹೆಚ್ಚು ಕರೆಂಟು ಎಳೆದು, ತಂತಿಯನ್ನೂ ಹೋಲ್ಡರನ್ನೂ ಕರಗಿಸುತ್ತಿತ್ತು. ಮೊದಲು ದಾರಿ ಅಗಲ ಮಾಡಿ, ಆಮೇಲೆ ಬಲ್ಬಿನ ಮಾತು.

ಎರಡನೆಯದು, ಬಿಸಿ ಸ್ವಿಚ್ಚು. 6 ಆಂಪಿಯರಿನ ಸ್ವಿಚ್ಚಿನಲ್ಲಿ 10 ಹರಿದರೆ ಬಿಸಿಯಾಗದೆ ಏನಾದೀತು? ಅಷ್ಟೇ ಅಲ್ಲ, ತಣ್ಣಗಿರುವ ಫಿಲಮೆಂಟಿನ ರೆಸಿಸ್ಟೆನ್ಸು ಬಹಳ ಕಡಿಮೆ. ಸ್ವಿಚ್ಚು ಒತ್ತಿದ ಕ್ಷಣ ಕರೆಂಟು ಹಲವು ಪಟ್ಟು ಹೆಚ್ಚಾಗಿ ನುಗ್ಗುತ್ತದೆ. ಪ್ರತಿ ಸಲವೂ ಸ್ವಿಚ್ಚಿನ ತುದಿ ಒಂದಿಷ್ಟು ಸುಡುತ್ತದೆ. ಇದಕ್ಕೆ ಪರಿಹಾರ ರಿಲೇ.

ರಿಲೇ ಎಂದರೆ ಏನು? ಒಂದು ಪುಟ್ಟ ಡಬ್ಬಿ, ಒಳಗೆ ತಂತಿ ಸುತ್ತಿದ ಕಾಯಿಲ್. ಅದಕ್ಕೆ 0.15 ಆಂಪಿಯರಿನಷ್ಟು ಕರೆಂಟು ಕೊಟ್ಟರೆ ಅದು ಅಯಸ್ಕಾಂತವಾಗಿ, ಒಂದು ದಪ್ಪ ಸ್ವಿಚ್ಚನ್ನು ತಾನೇ ಎಳೆದು ಮುಚ್ಚುತ್ತದೆ. ಮನೆಯ ಯಜಮಾನ ಅಕ್ಕಿ ಮೂಟೆ ಹೊರುವುದಿಲ್ಲ, "ಒಳಗಿಡಪ್ಪಾ" ಎನ್ನುತ್ತಾನೆ. ಹೊರುವವನು ಹಮಾಲಿ. ಡ್ಯಾಶ್‌ಬೋರ್ಡಿನ ಸ್ವಿಚ್ಚು ಯಜಮಾನ, ಮುಂದೆ ದೀಪದ ಹತ್ತಿರವಿರುವ ರಿಲೇ ಹಮಾಲಿ. ದಪ್ಪ ತಂತಿ ಡ್ಯಾಶ್‌ಬೋರ್ಡಿನವರೆಗೆ ಬರುವ ಗೊಡವೆಯೇ ಇಲ್ಲ. ಬ್ಯಾಟರಿಯಿಂದ ರಿಲೇ, ರಿಲೇಯಿಂದ ದೀಪ, ಒಟ್ಟು 2 ಮೀಟರ್. 2.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ಸೋರಿಕೆ ಸುಮಾರು 0.15 ವೋಲ್ಟ್ ಮಾತ್ರ.

ರಿಲೇಯ ಕಾಲುಗಳ ಮೇಲೆ ಅಂಕಿಗಳು ಇರುತ್ತವೆ. ಬಾಯಿಪಾಠ ಮಾಡಿಕೊಳ್ಳಿ, ಲೋಕದ ಬಹುಪಾಲು ಗಾಡಿಗಳಲ್ಲಿ ಇವೇ. 30 ಎಂದರೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ದಪ್ಪ ತಂತಿ. 87 ಎಂದರೆ ದೀಪಕ್ಕೆ ಹೋಗುವುದು. 86 ಸ್ವಿಚ್ಚಿನಿಂದ ಬರುವ ಸಣ್ಣ ತಂತಿ, 85 ಅರ್ಥಿಂಗ್. ದೀಪಕ್ಕೆ ಎರಡು ರಿಲೇ ಬೇಕು, ಹತ್ತಿರದ ಬೆಳಕಿಗೊಂದು, ದೂರದ ಬೆಳಕಿಗೊಂದು. ಇಗ್ನಿಷನ್ ಕೀಲಿಯಿಂದ ಒಂದು ಸಣ್ಣ ಫ್ಯೂಸಿನ ಮೂಲಕ ದೀಪದ ಸ್ವಿಚ್ಚು, ಅಲ್ಲಿಂದ ಡಿಪ್ಪರ್, ಡಿಪ್ಪರಿನಿಂದ ಎರಡು ಸಣ್ಣ ತಂತಿ ಎರಡು ರಿಲೇಗಳ 86ಕ್ಕೆ. ಸ್ವಿಚ್ಚಿನ ಕಡೆಯ ಕೆಲಸ ಇಷ್ಟೇ.

ಮೂರನೆಯದು, ಹೊಗೆ. ತಂತಿಯನ್ನು ತಗಡಿನ ತೂತಿನಲ್ಲಿ ತೂರಿಸಿದ್ದ, ತೂತಿಗೆ ರಬ್ಬರಿನ ಗ್ರಾಮೆಟ್ ಇರಲಿಲ್ಲ. ಎಂಜಿನ್ ಅದುರಿದಂತೆಲ್ಲ ತಗಡಿನ ಅಂಚು ಪ್ಲಾಸ್ಟಿಕನ್ನು ಗರಗಸದಂತೆ ಕುಯ್ದು, ತಾಮ್ರ ತಗಡನ್ನು ಮುಟ್ಟಿತು. ಕಾರಿನ ಬ್ಯಾಟರಿ ಸ್ಟಾರ್ಟರ್ ತಿರುಗಿಸುವ ಶಕ್ತಿಯುಳ್ಳದ್ದು, ಶಾರ್ಟ್ ಆದರೆ ನೂರಾರು ಆಂಪಿಯರ್ ಕೊಡುತ್ತದೆ. ತಡೆಯಲು ಫ್ಯೂಸ್ ಇಲ್ಲದಿದ್ದಾಗ ತಂತಿಯೇ ಫ್ಯೂಸ್ ಆಗುತ್ತದೆ. ಅದು ಸುಡುವ ಜಾಗವನ್ನು ನೀವು ಆರಿಸಿರುವುದಿಲ್ಲ. ಪೆಟ್ರೋಲ್ ಪೈಪಿನ ಪಕ್ಕವೂ ಆಗಬಹುದು.

ಚಾಚಾ ಇಲ್ಲಿ ಹೇಳಿದ ಮಾತನ್ನು ಬರೆದಿಟ್ಟುಕೊಳ್ಳಿ. ದೀಪ ಹತ್ತುವಂತೆ ಯಾರು ಬೇಕಾದರೂ ತಂತಿ ಹಾಕುತ್ತಾರೆ, ಕೆಟ್ಟ ದಿನ ಏನಾಗಬೇಕೆಂದು ಯೋಚಿಸಿ ತಂತಿ ಹಾಕುವವನೇ ಮೇಸ್ತ್ರಿ. ಅವರು ಇದನ್ನು ಉರ್ದುವಿನಲ್ಲಿ, ಒಂದೆರಡು ಬೈಗುಳ ಸೇರಿಸಿ ಹೇಳಿದರು. ಬೈಗುಳ ಬಿಟ್ಟು ಬರೆದಿದ್ದೇನೆ.

ಆ ಮಾತಿನಂತೆ ಎರಡನೆಯ ಭಾನುವಾರ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕಿದೆವು. ಕೆಟ್ಟ ದಿನದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿಕೊಂಡೆವು.

ತಂತಿ ಶಾರ್ಟ್ ಆದರೆ? ಎರಡು ರಿಲೇಗಳಿಗೂ ಬ್ಯಾಟರಿಯಿಂದ ಬೇರೆ ಬೇರೆ ತಂತಿ, ಎರಡಕ್ಕೂ ಬೇರೆ ಬೇರೆ 20 ಆಂಪಿಯರ್ ಫ್ಯೂಸ್. ಹಳದಿ ಬಣ್ಣದ್ದು. ಅದು ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು, ಏಕೆಂದರೆ ಬ್ಯಾಟರಿಯಿಂದ ಫ್ಯೂಸಿನವರೆಗಿನ ತಂತಿಗೆ ಕಾವಲಿಲ್ಲ.

ಒಂದು ಫ್ಯೂಸ್ ಹೋದರೆ? ಎಡ ದೀಪಕ್ಕೂ ಬಲ ದೀಪಕ್ಕೂ ಸೇರಿ ಒಂದೇ ಫ್ಯೂಸ್ ಇದ್ದರೆ ಎರಡೂ ಒಟ್ಟಿಗೆ ಆರಿಹೋಗುತ್ತವೆ. ರಾತ್ರಿ ತಿರುವಿನಲ್ಲಿ ಹಾಗಾದರೆ ಗತಿಯೇನು? ಆದ್ದರಿಂದ ರಿಲೇ ದಾಟಿದ ಮೇಲೆ ಎಡಕ್ಕೊಂದು ಬಲಕ್ಕೊಂದು, ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್. ಒಂದು ಕಣ್ಣು ಹೋದರೂ ಇನ್ನೊಂದು ಇರಬೇಕು.

ಫ್ಯೂಸ್ ಪದೇ ಪದೇ ಹೋದರೆ? ದಪ್ಪ ಫ್ಯೂಸ್ ಹಾಕಬೇಡಿ, ಸಿಗರೇಟಿನ ಬೆಳ್ಳಿ ಕಾಗದ ಸುತ್ತಬೇಡಿ. ನಾಯಿ ಬೊಗಳಿದರೆ ನಾಯಿಯ ಬಾಯಿ ಕಟ್ಟುವುದಲ್ಲ, ಕಳ್ಳನನ್ನು ಹುಡುಕಬೇಕು.

ಹೊಗೆ ಬಂದರೆ? ಬ್ಯಾಟರಿಯ ಮೈನಸ್ಸಿನ ಬಳಿ ಒಂದು ಕಟ್-ಆಫ್ ಸ್ವಿಚ್ಚು, ಡ್ರೈವರಿನ ಕೈಗೆ ಎಟುಕುವಂತೆ. ಇನ್ನು ಮೇಲೆ ಸ್ಪ್ಯಾನರ್ ಹುಡುಕುವಂತಿಲ್ಲ. ಜೊತೆಗೆ ಪುಟ್ಟದೊಂದು ಬೆಂಕಿ ಆರಿಸುವ ಸಿಲಿಂಡರ್. ಬ್ಯಾಟರಿಯನ್ನು ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಸ್ಸಿಗೆ ತಗುಲಿದರೂ ಆಗ ಕಿಡಿ ಬರುವುದಿಲ್ಲ.

ಇನ್ನು ಅರ್ಥಿಂಗ್. "ಪೈಲೇ ಅರ್ಥಿಂಗ್ ದೇಖೋ ಮಿಯಾಂ, ಬಾದ್ ಮೇ ಬಲ್ಬ್ ಕೋ ಗಾಲಿ ದೇವ್" ಎಂದರು ಚಾಚಾ. ಮೊದಲು ಅರ್ಥಿಂಗ್ ನೋಡು, ಆಮೇಲೆ ಬಲ್ಬನ್ನು ಬಯ್ಯಿ. ಹೋದ ಕರೆಂಟು ಮರಳಿ ಬ್ಯಾಟರಿಗೆ ಬರಲೇಬೇಕು. ಪೇಂಟಿನ ಮೇಲಿನ ಸ್ಕ್ರೂ ಆ ದಾರಿಗೆ ಅಡ್ಡಗಟ್ಟಿದಂತೆ. ಆಗ ಕರೆಂಟು ಪಕ್ಕದ ಇಂಡಿಕೇಟರ್ ಬಲ್ಬಿನ ಮೂಲಕ ಕಳ್ಳದಾರಿ ಹುಡುಕುತ್ತದೆ. ಹೆಡ್‌ಲೈಟ್ ಹಾಕಿದರೆ ಇಂಡಿಕೇಟರ್ ಮಿಣುಕುವ ಗಾಡಿಗಳನ್ನು ನೀವು ನೋಡಿರಬಹುದು, ಅದು ಇದೇ ರೋಗ. ಪೇಂಟನ್ನು ಕೆರೆದು ಹೊಳೆಯುವ ಲೋಹದ ಮೇಲೆ ಥಿಂಬಲ್ ಇಟ್ಟು, ಹಲ್ಲಿರುವ ವಾಷರ್ ಹಾಕಿ ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು. ಹೋಗುವ ತಂತಿ ಎಷ್ಟು ದಪ್ಪವೋ ಬರುವ ತಂತಿಯೂ ಅಷ್ಟೇ ದಪ್ಪ.

ಮುಗಿಸಿದ ಮೇಲೆ ದೀಪ ಹತ್ತಿಸಿ ಮಲ್ಟಿಮೀಟರಿನಿಂದ ಅಳೆಯಿರಿ. ಬ್ಯಾಟರಿಯ ಪ್ಲಸ್ಸಿಗೂ ಬಲ್ಬಿನ ಪ್ಲಸ್ಸಿಗೂ ನಡುವೆ ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ಬಲ್ಬಿನ ಅರ್ಥಿಂಗಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಇನ್ನೂ ಕಡಿಮೆ. ದೀಪ ಆರಿಸಿ ಅಳೆದರೆ ಏನೂ ತಿಳಿಯದು, ನೀರು ಹರಿಯದ ಪೈಪಿನಲ್ಲಿ ಸೋರಿಕೆ ಕಾಣುವುದಿಲ್ಲ.

ಒಂದು ಹಳೆಯ ಕಥೆ. ಮೊದಲ ಕಾರುಗಳ ದೀಪಗಳಲ್ಲಿ ಅನೇಕವು ಅಸಿಟಿಲಿನ್ ದೀಪಗಳು. ಕಾರ್ಬೈಡ್ ಮೇಲೆ ನೀರು ತೊಟ್ಟಿಕ್ಕಿಸಿ, ಹುಟ್ಟಿದ ಅನಿಲಕ್ಕೆ ಕಾರಿನಿಂದ ಇಳಿದು ಬೆಂಕಿಕಡ್ಡಿ ಗೀರಬೇಕಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸ್ಟಾರ್ಟರ್, ದೀಪ ಎರಡನ್ನೂ ಒಂದೇ ವಿದ್ಯುತ್ ವ್ಯವಸ್ಥೆಯಲ್ಲಿ ತಂದವರು ಚಾರ್ಲ್ಸ್ ಕೆಟರಿಂಗ್. ಅದಕ್ಕೂ ಮೊದಲು ಅವರು ಅಂಗಡಿಯ ಕ್ಯಾಷ್ ರಿಜಿಸ್ಟರಿಗೆ ಮೋಟಾರು ಕೂಡಿಸಿದವರು. ಸಣ್ಣ ಕೆಲಸ ಕಲಿತ ಕೈ ದೊಡ್ಡ ಕೆಲಸಕ್ಕೆ ಬಂತು. ಹಾಗಾಗಿ ಮಿಕ್ಸರ್ ಬಿಚ್ಚಿದವರು ಬೇಸರಪಡಬೇಡಿ.

ಸಂಜೆ ಕತ್ತಲಾಯಿತು. ಕಾರನ್ನು ಸಮನೆಲದಲ್ಲಿ ಹಿತ್ತಲ ಗೋಡೆಯಿಂದ 7.5 ಮೀಟರ್ ದೂರ ನಿಲ್ಲಿಸಿದೆವು. ಹತ್ತಿರದ ಬೆಳಕಿನ ಮೇಲಂಚು ಗೋಡೆಯ ಮೇಲೆ ದೀಪದ ನಡುವಿನ ಎತ್ತರಕ್ಕಿಂತ ಸುಮಾರು 7.5 ಸೆಂಟಿಮೀಟರ್ ಕೆಳಗೆ ಬೀಳಬೇಕು. ಮೇಲಕ್ಕಿದ್ದರೆ ಎದುರು ಬರುವವನ ಕಣ್ಣು ಕುಕ್ಕುತ್ತದೆ. ಹ್ಯಾಲೋಜೆನ್ ದೀಪದ ಗೂಡಿಗೆ ಪೇಟೆಯ ಎಲ್‌ಇಡಿ ಬಲ್ಬು ಹಾಕಬೇಡಿ ಎನ್ನುವುದೂ ಇದಕ್ಕೇ. ಆ ಕನ್ನಡಿಗೆ ಹೊಂದದ ಬೆಳಕು ಎಲ್ಲೆಡೆ ಚೆಲ್ಲುತ್ತದೆ. ಅಳತೆಯ ಟೇಪಿನ ಒಂದು ತುದಿ ಹುಡುಗನ ಕೈಯಲ್ಲಿತ್ತು. ಗೋಡೆಯ ಬಳಿ ಇನ್ನೊಂದು ತುದಿ ಹಿಡಿದು ನಿಂತವರು ಯಾರೆಂದು ದೀಪ ಹತ್ತಿದಾಗ ಕಂಡಿತು. ಅವನ ಅಪ್ಪ.

ಒಂದು ವಿಷಯ ಬಿಟ್ಟಿದ್ದೆ. ಕೆಲಸ ಮಾಡುವಾಗ ನಾನು ಒಂದು ರಟ್ಟಿನ ಮೇಲೆ ಇಡೀ ವೈರಿಂಗಿನ ನಕ್ಷೆ ಬರೆದೆ. ಯಾವ ತಂತಿ ಯಾವ ಬಣ್ಣ, ಯಾವ ಫ್ಯೂಸ್ ಯಾವುದಕ್ಕೆ ಎಂದು. ಹತ್ತು ವರ್ಷದ ಮೇಲೆ ಈ ಕಾರನ್ನು ಬಿಚ್ಚುವವನಿಗೆ ಅದು ಬೇಕು. ಅದೂ ಕೆಟ್ಟ ದಿನದ ಸಿದ್ಧತೆಯೇ. ಅಭ್ಯಾಸಬಲದಿಂದ ಎಲ್ಲವನ್ನೂ ಕನ್ನಡದಲ್ಲಿ ಬರೆದುಬಿಟ್ಟೆ. ಹುಡುಗ ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಕಲಿತಿಲ್ಲ. ಶಾಲೆಯಲ್ಲಿ ಓದಿದ್ದು ತೆಲುಗು. ಅಳಿಸಿ ಇಂಗ್ಲಿಷಿನಲ್ಲಿ ಬರೆಯೋಣವೆಂದುಕೊಂಡೆ. ಅವನು ರಟ್ಟನ್ನು ಕಸಿದುಕೊಂಡು, ಬೆರಳಿಟ್ಟು, "ಬ್ಯಾ... ಟ... ರಿ. ಇದು ತೆಲುಗಿನ ಹಂಗೇ ಅದ ಅಲ್ಲ ಮಾಮಾ" ಎಂದ. ಆಮೇಲೆ ಎಡ, ಬಲ, ಹಳದಿ, ಕೆಂಪು. 'ಹತ್ತಿರದ ಬೆಳಕು' ಎಂಬಲ್ಲಿ ಸ್ವಲ್ಪ ತಡವರಿಸಿದ. ಅವನ ಅಪ್ಪ ಪಕ್ಕದಲ್ಲೇ ಇದ್ದರು, ತಿದ್ದಲಿಲ್ಲ. ಅವನೇ ಓದಿಕೊಂಡ. ಆ ರಟ್ಟು ಈಗ ಶೆಡ್ಡಿನ ಗೋಡೆಯಲ್ಲಿದೆ. ತೆಲುಗು ಬಲ್ಲ ನಿಮಗೆಲ್ಲ ಹೇಳುತ್ತೇನೆ, ನಮ್ಮ ಅಕ್ಷರಗಳಲ್ಲಿ ಮುಕ್ಕಾಲು ಪಾಲು ನಿಮಗೆ ಆಗಲೇ ಗೊತ್ತು.

ಕೊನೆಯದಾಗಿ ಒಂದು ಎಚ್ಚರಿಕೆ. ನೋಂದಣಿಯಿಲ್ಲದ ಗಾಡಿಯನ್ನು ರಸ್ತೆಗೆ ಒಯ್ಯುವುದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪರಾಧ. ದೀಪ ಎಷ್ಟೇ ಚೆನ್ನಾಗಿರಲಿ, ಶಂಶಾಬಾದಿನ ಹೆದ್ದಾರಿ ನಿಮ್ಮ ಪ್ರಯೋಗಶಾಲೆಯಲ್ಲ. ಹಿತ್ತಲು, ಕಾಲೇಜಿನ ಮೈದಾನ, ವಿದ್ಯಾರ್ಥಿಗಳ ಕಾರು ಸ್ಪರ್ಧೆಗಳ ಅಂಗಳ, ಇಷ್ಟು ಸಾಕು. ನಮ್ಮ ಹುಡುಗನ ಕಾರೂ ಹಿತ್ತಲ ಗೇಟು ದಾಟಿಲ್ಲ.

ಮುಂದಿನ ಸಂಚಿಕೆಯಲ್ಲಿ ಅದೇ ಕಾರಿನ ಹಾರ್ನು ಮತ್ತು ಇಂಡಿಕೇಟರ್. ಅಲ್ಲಿಯವರೆಗೆ ನಿಮ್ಮ ಮನೆಯ ಸ್ಕೂಟರಿನ ಫ್ಯೂಸ್ ಎಲ್ಲಿದೆಯೆಂದು ಹುಡುಕಿಟ್ಟುಕೊಳ್ಳಿ. ಕೆಟ್ಟ ದಿನ ಹುಡುಕಲು ಹೋಗಬೇಡಿ. ಸಿಗದಿದ್ದರೆ ಸಂಘದ ಕಚೇರಿಗೆ ನಾಲ್ಕು ಸಾಲು ಬರೆಯಿರಿ. ಕನ್ನಡದಲ್ಲಿ ಬರೆದರೆ ಮೊದಲು ಉತ್ತರಿಸುತ್ತೇನೆ, ತಪ್ಪಿದ್ದರೂ ಪರವಾಗಿಲ್ಲ.